ಬೆಳಕಿಗೆ ಹಿಡಿದ ಬೀಜ

ಜೆ.ಪಿ. ನಗರ, ಬೆಂಗಳೂರು
ಜೂನ್ ೧೪, ೨೦೨೫

ಚಿ. ಭಾರ್ಗವನಿಗೆ,

ಅಮ್ಮನ ಆಶೀರ್ವಾದ. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು. ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ನಮ್ಮ ಲಿಲ್ಲಿ ಗಿಡದ ಪುರಾಣ ಓದಿ ಓದಿ ಅವರಿಗೂ ತಲೆ ಚಿಟ್ಟು ಹಿಡಿದಿರಬೇಕು.

ಉತ್ತರ ತಡವಾಯಿತು ಎಂದು ಮುನಿಸಿಕೊಳ್ಳಬೇಡ. ಎರಡು ಸಲ ಬರೆಯಲು ಕೂತು, ಲಿಲ್ಲಿಯ ಕಾಯಿ ಒಡೆಯಲಿ, ನೋಡಿಯೇ ಬರೆಯೋಣ ಎಂದು ಎದ್ದುಬಿಟ್ಟೆ. ಅರ್ಧ ಸುದ್ದಿ ಕಳಿಸಿದರೆ ನೀನು ಅಲ್ಲಿ ನಿದ್ದೆಗೆಡುತ್ತೀಯ ಎಂದು ನನಗೆ ಗೊತ್ತು. "ಈ ಗಿಡ ಬೀಜ ಕಟ್ಟಿದರೆ ಮಾತ್ರ ನನಗೆ ಹೊರಗೆ ಬರಬೇಕು ಅನ್ನಿಸುತ್ತಮ್ಮ" ಎಂದು ಮಾರ್ಚಿನಲ್ಲಿ ಬರೆದಿದ್ದೆಯಲ್ಲ, ಆ ಸಾಲು ಓದಿದ ದಿನದಿಂದ ದಿನಕ್ಕೆರಡು ಸಲ ಟೆರೇಸು ಹತ್ತಿ ಅದನ್ನೇ ನೋಡುತ್ತಿದ್ದೇನೆ.

ಏಪ್ರಿಲಿನಲ್ಲಿ ನಿನ್ನ ಲಿಲ್ಲಿ ಮೊದಲ ಸಲ ಹೂಬಿಟ್ಟಿತು. ಒಂದೇ ದಂಟಿನಲ್ಲಿ ನಾಲ್ಕು ಹೂ. ಮಾಗಿದ ಪರಂಗಿಹಣ್ಣಿನ ಬಣ್ಣ, ಒಳಗೆ ಕಡುಗೆಂಪು ನರಗಳು. ಬೇರೆ ಬೇರೆ ಜಾತಿಯ ಎರಡು ಲಿಲ್ಲಿಗಳನ್ನು ಕೂಡಿಸಿ ನೀನು ಬೀಜ ಹಾಕಿದಾಗ ನಾನು ನಕ್ಕಿದ್ದೆ. ನಗಬಾರದಿತ್ತು. ಟೆರೇಸಿನಲ್ಲಿ ಇದ್ದದ್ದರಿಂದ ಉಳಿಯಿತು. ಕೆಳಗೆ ಕಾಂಪೌಂಡಿನಲ್ಲಿದ್ದಿದ್ದರೆ ಬೆಳಗ್ಗೆ ವಾಕಿಂಗ್ ಬರುವ ಭಕ್ತರು ತಮ್ಮ ದೇವರಿಗೆಂದು ಕಿತ್ತುಕೊಂಡು ಕವರಿಗೆ ಹಾಕಿಕೊಳ್ಳುತ್ತಿದ್ದರು.

ನಿನ್ನ ಜೊತೆ ಎಂ.ಎಸ್ಸಿ. ಓದಿದ ಚೈತ್ರ, ನಾನು ಹೂವಿನ ಸುದ್ದಿ ಹೇಳಿದ ದಿನವೇ ಬಂದಳು. ನಿನ್ನ ಸ್ನೇಹಿತರಲ್ಲಿ ಈಗಲೂ ನಮ್ಮ ಮನೆಯ ಮೆಟ್ಟಿಲು ಹತ್ತುವವಳು ಅವಳೊಬ್ಬಳೇ. ಡೈನಿಂಗ್ ಟೇಬಲ್ ಮೇಲೆ ಮೈಕ್ರೋಸ್ಕೋಪು ಇಟ್ಟು, ಪರಾಗದ ಮೇಲೆ ಕೆಂಪು ಬಣ್ಣದ ಹನಿ ಬಿಟ್ಟಳು. ನಾನೂ ಇಣುಕಿದೆ. ಹೆಚ್ಚಿನವು ಒಣದ್ರಾಕ್ಷಿಯ ಹಾಗೆ ಮುದುರಿಕೊಂಡಿದ್ದವು. ಅಲ್ಲೊಂದು ಇಲ್ಲೊಂದು ದುಂಡಗೆ, ಕೆಂಪಗೆ ಕಂಡಿತು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

"ಆಂಟಿ, ಕಲರ್ ಹಿಡೀತು ಅಂತ ಈಗ್ಲೇ ಖುಷಿ ಪಡ್ಬೇಡಿ. ಸತ್ತಿರೋ ಪರಾಗನೂ ಕೆಲವು ಸಲ ಕೆಂಪಾಗುತ್ತೆ. ಸಕ್ಕರೆ ನೀರಲ್ಲಿ ಇಡ್ತೀನಿ. ಮೊಳಕೆ ಬಂದ್ರೆ ಮಾತ್ರ ಜೀವ ಇದೆ ಅಂತ" ಎಂದಳು.

ಮೊಳಕೆ ಬರಲಿಲ್ಲ. ಕಾಫಿ ಮಾಡಿ ತಂದೆ, ಊಟ ಬಡಿಸಿದೆ, ಮತ್ತೆ ಮತ್ತೆ ನೋಡಿದೆವು. ಒಂದೂ ಬಾಯಿ ಬಿಡಲಿಲ್ಲ.

"ಅಪ್ಪ ಆಗೋ ಯೋಗ ಇಲ್ಲ ಇದಕ್ಕೆ. ಅಮ್ಮ ಆಗುತ್ತಾ ನೋಡೋಣ" ಎಂದಳು ಚೈತ್ರ. ಬೇರೆ ಲಿಲ್ಲಿಯ ಒಳ್ಳೆಯ ಪರಾಗ ತಂದು ಹೂವಿನ ನಾಲಗೆಗೆ ಹೇಗೆ ಸವರಬೇಕೆಂದು ನನಗೇ ಕಲಿಸಿದಳು. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ಈ ವಯಸ್ಸಿನಲ್ಲಿ ಹುಬ್ಬು ಕೀಳುವ ಚಿಮುಟ ಹಿಡಿದು ಹೂವಿನ ಮುಂದೆ ಮಂಡಿಯೂರಿದೆ. ಸವರಿ, ಬಟರ್ ಪೇಪರಿನ ಚೀಲ ತೊಡಿಸಿ ದಾರ ಕಟ್ಟಿದೆವು. ಬಟ್ಟೆ ಒಣಹಾಕಲು ಬಂದ ನಿಮ್ಮಪ್ಪ ಅದನ್ನು ನೋಡಿ, "ಇದಕ್ಕೂ ಜೈಲಾ?" ಎಂದರು. ನಿನ್ನ ಕೇಸು ಮುಗಿದ ಮೇಲೆ ಅವರು ಆಡಿದ ಮೊದಲ ತಮಾಷೆ. ನಾವಿಬ್ಬರೂ ನಗಲಿಲ್ಲ. ಅವರು ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗೆ ಹೋದರು.

ಮೂರು ಹೂ ಉದುರಿದವು. ನಾಲ್ಕನೆಯದರ ಬುಡ ಊದಿಕೊಳ್ಳತೊಡಗಿತು, ಭಾರ್ಗವ! ದಿನದಿನಕ್ಕೆ ದಪ್ಪಗಾಯಿತು. ನನಗೆ ಆದ ಸಂತೋಷ ಹೇಳತೀರದು. ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ. ಮೇ ತಿಂಗಳ ಆಲಿಕಲ್ಲು ಮಳೆಗೆ ಕುಂಡವನ್ನು ಎತ್ತಿ ಅಡುಗೆಮನೆಗೆ ತಂದು ಸೊಂಟ ಹಿಡಿಸಿಕೊಂಡೆ. ನಿನ್ನನ್ನು ನೋಡಲು ಬಂದಾಗ ಬಾಯಿತುದಿಗೆ ಬಂದಿತ್ತು, ದೃಷ್ಟಿಯಾದೀತೆಂದು ನುಂಗಿಕೊಂಡೆ.

ಕಳೆದ ವಾರ ಕಾಯಿ ಒಡೆಯಿತು. ಒಳಗೆ ಕರಿ ಕಾಗದದ ಚೂರುಗಳ ಹಾಗೆ ಬೀಜಗಳು, ಒಂದರ ಮೇಲೊಂದು ಅಚ್ಚುಕಟ್ಟಾಗಿ. ಕೂಗಿ ನಿಮ್ಮಪ್ಪನನ್ನು ಕರೆದೆ. ಅವರು ಕನ್ನಡಕ ಹಾಕಿಕೊಂಡು ಓಡಿಬಂದರು. ಚೈತ್ರಳಿಗೆ ಫೋನ್ ಮಾಡಿದೆ. "ಒಂದೊಂದೇ ಎತ್ತಿ ಬೆಳಕಿಗೆ ಹಿಡೀರಿ ಆಂಟಿ. ಮಧ್ಯ ಅಕ್ಕಿಕಾಳಿನ ಥರ ಗಂಟು ಕಾಣ್ಬೇಕು" ಎಂದಳು. ಕಿಟಕಿಯ ಹತ್ತಿರ ನಿಂತು ಹಿಡಿದೆವು. ನಾನು ನೋಡಿದ್ದನ್ನು ಅವರು, ಅವರು ನೋಡಿದ್ದನ್ನು ನಾನು. ಎಲ್ಲದರಲ್ಲೂ ಬೆಳಕು ಆಚೆಯಿಂದ ಈಚೆಗೆ ಸಲೀಸಾಗಿ ಬಂತು. ಬರೀ ಹೊಟ್ಟು.

ಸಂಜೆ ಚೈತ್ರ ಬಂದು ತಾನೂ ಪರೀಕ್ಷಿಸಿದಳು. "ಕಲರ್ ಸಖತ್ತಾಗಿದೆ ಆಂಟಿ. ಆದ್ರೆ ಎರಡು ಕಡೆಯಿಂದ್ಲೂ ಬಂಜೆ. ಮುಂದಕ್ಕೆ ಹೋಗಲ್ಲ. ಗೆಡ್ಡೆ ಮರಿ ಹಾಕುತ್ತೆ, ಅಷ್ಟೇ. ಅದೇ ಹೂವು, ಅದೇ ಗಿಡ" ಎಂದಳು. ಹೇಳುವಾಗ ಅವಳ ಕಣ್ಣಲ್ಲೂ ನೀರಿತ್ತು.

"ಬೀಜ ಆಗಿದೆ ಅಂತ್ಲೇ ಬರಿ. ಅಲ್ಲಿ ಅವನಿಗೆ ಇನ್ನೇನಿದೆ?" ಎಂದರು ನಿಮ್ಮಪ್ಪ. ಬರೆಯಲು ಪೆನ್ನನ್ನೂ ಎತ್ತಿದೆ. ಕೈ ಬರಲಿಲ್ಲ. ನೀನು ಹೊರಗೆ ಬಂದ ದಿನ ಆ ಸುಳ್ಳು ಬಾಗಿಲಲ್ಲೇ ನಿಂತಿರುತ್ತದೆ. ಸಿಟ್ಟು ಬಂದರೆ ನನ್ನ ಮೇಲೆ ಮಾಡಿಕೋ, ಊಟದ ಮೇಲೆ ಬೇಡ.

ಸ್ವೆಟರ್ ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿ ತಿಳಿಸು. ಕೆಮ್ಮಿಗೆ ಬಿಸಿನೀರು ಸಿಕ್ಕರೆ ಕುಡಿ. ನಿನ್ನ ದೇಹಕ್ಕೂ ಮನಸ್ಸಿಗೂ ದೇವರು ಗಟ್ಟಿತನ ಕೊಡಲಿ.

ನಿನ್ನ ಅಮ್ಮ,
ಹಂಸಾ

ತಾ.ಕ.: ಕಾಗದ ಮಡಿಸಿಟ್ಟಿದ್ದೆ. ಇದನ್ನು ಬರೆಯದೆ ಅಂಚೆಗೆ ಹಾಕಲಾಗಲಿಲ್ಲ, ಮತ್ತೆ ಬಿಚ್ಚಿದ್ದೇನೆ. ಮೊನ್ನೆ ಜರಗನಹಳ್ಳಿಯ ಬಸ್‌ಸ್ಟಾಪಿನಲ್ಲಿ ಅಂಕಮ್ಮ ಸಿಕ್ಕಿದ್ದಳು. ನೀನು ಪಾರ್ಟಿ ಮುಗಿಸಿ ಕುಡಿದು ಕಾರು ಓಡಿಸಿಕೊಂಡು ಬಂದಾಗ ಕನಕಪುರ ರಸ್ತೆಯಲ್ಲಿ ಸತ್ತುಹೋದ ಮನುಷ್ಯನ ಹೆಂಡತಿ. ಕೋರ್ಟಿನ ಬೆಂಚುಗಳಲ್ಲಿ ಎದುರುಬದುರು ಕೂತವರು ನಾವು. ನಾನು ಮುಖ ತಿರುಗಿಸಿಕೊಂಡೆ. ಅವಳೇ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ನಿಮ್ ಹುಡ್ಗ ಹೆಂಗವ್ನೆ ಅಕ್ಕಾ?" ಎಂದಳು. ಚೆನ್ನಾಗಿದ್ದಾನೆ ಎಂದೆ. ಬಸ್ಸಿನ ದಾರಿ ನೋಡುತ್ತಲೇ, "ಕಾಗ್ದ ಬರೀತಾನಾ? ನಮ್ಮನೆಯವ್ರ ವಿಚಾರ ಏನಾರ ಕೇಳ್ತಾನಾ?" ಎಂದಳು.

"ಕೇಳ್ತಾನಮ್ಮ. ಪ್ರತಿ ಕಾಗದದಲ್ಲೂ ಕೇಳ್ತಾನೆ" ಎಂದೆ.

"ಹಂಗಾರೆ ಸರಿ ಬುಡಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಬಸ್ಸು ಬಂತು, ಹತ್ತಿ ಹೋದಳು. ನನ್ನ ಮಾತನ್ನು ನಂಬಿಯೇ ಹೋದಳು.

ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. ಲಿಲ್ಲಿಗೆ ಎಷ್ಟು ನೀರು ಹಾಕಬೇಕು, ಯಾವ ಬಿಸಿಲಿಗಿಡಬೇಕು, ಎಲ್ಲ ಇದೆ. ಅವಳ ಗಂಡನ ಹೆಸರು ಒಂದು ಕಡೆಯೂ ಇಲ್ಲ. ಭಾರ್ಗವ, ಆ ಹೆಸರು ನಿನಗೆ ಗೊತ್ತಾದರೂ ಇದೆಯಾ?