ಐದನೆಯವರು ಬೇಕಾಗಿದ್ದಾರೆ

ಇಂಗಾಲ ಇಳಿಸುವ ಹೊಣೆ ಹೊತ್ತ ಸಾರಿಗೆ ಅಧಿಕಾರಿಗಳೇ,

ಮಾನ್ಯರೇ, ನಮ್ಮ ಅಕ್ಕನ ಎಡಮೊಣಕಾಲು ನಿಮ್ಮ ವ್ಯಾನಿನ ದೆಸೆಯಿಂದ ಮರಗಟ್ಟುತ್ತಿದೆ. ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವಾರವಾಯಿತು. ಆರು ವಾರದೊಳಗೆ ತೊಂಬತ್ತು ಡಿಗ್ರಿ ಬಗ್ಗದಿದ್ದರೆ ಮುಂದೆ ಬಗ್ಗುವ ಆಸೆ ಬಿಡಿ ಎಂದಿದ್ದಾರೆ ವೈದ್ಯರು. ಸದ್ಯ ಅದು ಅರವತ್ತಕ್ಕೆ ನಿಂತಿದೆ. ಪ್ರತಿ ಮಂಗಳವಾರ ಆಸ್ಪತ್ರೆಗೆ ಹೋಗಿ ಬಗ್ಗಿಸಿಕೊಂಡು ಬರಬೇಕು. ಹೋಗುವುದು ಹೇಗೆ?

ನಮ್ಮ ಬಡಾವಣೆಗೆ ಪೆಟ್ರೋಲು, ಡೀಸೆಲ್ ಗಾಡಿಗಳು ಬರಕೂಡದೆಂದು ತಾವು ಸುತ್ತಲೂ ಕಬ್ಬಿಣದ ಕಂಬ ನೆಟ್ಟಿರಿ. ಆಗ ಚಪ್ಪಾಳೆ ತಟ್ಟಿದವನು ನಾನು. ಹಳೆಯ ಕಾರನ್ನು ಗುಜರಿಗೆ ಕೊಟ್ಟು, ಭೂಮಿಯನ್ನು ಒಬ್ಬನೇ ಉಳಿಸಿದವನಂತೆ ವಾರವಿಡೀ ಎದೆಯುಬ್ಬಿಸಿ ನಡೆದೆ. ಈಗ ಕಂಬದವರೆಗೆ ಎರಡು ಕಿಲೋಮೀಟರು; ಅಕ್ಕ ನಡೆಯಬಲ್ಲದ್ದು ಅಡುಗೆಮನೆಯವರೆಗೆ.

ಬದಲಿಗೆ ತಾವು ದಯಪಾಲಿಸಿದ್ದು ಹೊಗೆಯಿಲ್ಲದ, ಸದ್ದಿಲ್ಲದ ವಿದ್ಯುತ್ ವ್ಯಾನು. ಅದಕ್ಕೆ ಎಲ್ಲವೂ ಇದೆ, ಹೊರಡುವ ಮನಸ್ಸೊಂದಿಲ್ಲ. ಒಳಗಿನ ಕ್ಯಾಮೆರಾ ಮುಖ ಎಣಿಸುತ್ತದೆ. ಐದಾಗದೆ ಚಕ್ರ ಉರುಳಿದರೆ ತಲಾ ಇಂಗಾಲದ ಪ್ರಮಾಣ ಕೆಡುತ್ತದಂತೆ.

"ನಾವು ನಾಲ್ವರು, ನೀವೊಬ್ಬರು, ಐದಾಯ್ತಲ್ಲಪ್ಪ" ಎಂದೆ ಚಾಲಕನಿಗೆ.

"ನನ್ನನ್ನ ಅದು ಮನುಷ್ಯ ಅಂತ ತಗೊಳ್ಳಲ್ಲ ಸಾರ್" ಎಂದ, ಬೇಸರವೂ ಇಲ್ಲದೆ.

ಬೆಳಿಗ್ಗೆ ಎಂಟಕ್ಕೆಲ್ಲ ಬಡಾವಣೆ ಖಾಲಿ. ಹಾಗಾಗಿ ಅಕ್ಕನ ಒಂದು ಮೊಣಕಾಲು ಬಗ್ಗಿಸಲು ನಾನು, ಪಕ್ಕದ ಮನೆಯ ಟೈಲರು, ಮಹಡಿಯ ಅತ್ತೆಮ್ಮ, ಎದುರುಮನೆಯ ನಿವೃತ್ತ ಗಣಿತದ ಮೇಷ್ಟ್ರು, ಹೀಗೆ ಎಂಟು ಆರೋಗ್ಯವಂತ ಮೊಣಕಾಲುಗಳು ಆಸ್ಪತ್ರೆಗೆ ಹೋಗಿ ಬರುತ್ತಿವೆ. ನಿಮ್ಮ ವರದಿಯಲ್ಲಿ ಇದು 'ಪ್ರಯಾಣಿಕರ ಸಂಖ್ಯೆಯಲ್ಲಿ ಐದು ಪಟ್ಟು ಏರಿಕೆ' ಎಂದು ಅಚ್ಚಾಗಿದೆ. ಕೆಲಸವಿಲ್ಲದ ನಾಲ್ವರನ್ನು ಸುಮ್ಮನೆ ಸುತ್ತಾಡಿಸಿ ಇಂಗಾಲ ಇಳಿಸಿದ ಇಲಾಖೆ ಜಗತ್ತಿನಲ್ಲಿ ಇನ್ನೊಂದಿದೆಯೇ?

ಕಳೆದ ಮಂಗಳವಾರ ಆಸ್ಪತ್ರೆ ತಲುಪಿದ ಮೇಲೆ ಮೇಷ್ಟ್ರು "ಕನ್ನಡಕ ತೋರಿಸ್ಕೊಂಡು ಐದೇ ನಿಮಿಷಕ್ಕೆ ಬಂದೆ" ಎಂದು ಹೋದವರು, ದಾರಿಯಲ್ಲಿ ಸಿಕ್ಕ ಅಳಿಯನ ಸ್ಕೂಟರೇರಿ ಕಂಬದವರೆಗೆ ಹೋಗಿ, ಅಲ್ಲಿಂದ ಮನೆಗೆ ನಡೆದರು. ಐದನೆಯ ಮುಖ ಸಿಗುವವರೆಗೆ ನಾವು ನಾಲ್ವರು ಆಸ್ಪತ್ರೆಯ ಗೇಟಿನಲ್ಲಿ ವ್ಯಾನಿನೊಳಗೆ ಮೂರೂವರೆ ಗಂಟೆ ಕೂತೆವು. ಹೋಗುವವರನ್ನೆಲ್ಲ ಅತ್ತೆಮ್ಮ ಕಿಟಕಿಯಿಂದ ಕರೆದರು: "ಬಾರಪ್ಪ, ಒಂದ್ಸಲ ಕೂತು ನೋಡು." ಟೈಲರು ಅಲ್ಲೇ ಎರಡು ರವಿಕೆಗೆ ಹುಕ್ಕು ಹಾಕಿ ಮುಗಿಸಿದ. ಅಕ್ಕನ ಕಾಲು ಊದಿಕೊಂಡಿತು. "ನನ್ನನ್ನ ಇಲ್ಲೇ ಅಡ್ಮಿಟ್ ಮಾಡಿ ಹೋಗ್ರೋ, ಇದಕ್ಕಿಂತ ವಾಸಿ" ಎಂದಳು. ಹೋಗುವುದಾದರೂ ಹೇಗೆ? ಅವಳನ್ನು ಬಿಟ್ಟರೆ ನಾವು ಮೂವರು.

ಮೇಷ್ಟ್ರು ರಾಜೀನಾಮೆ ಕೊಟ್ಟಿದ್ದಾರೆ. "ನಿಮ್ಮಕ್ಕನ ಕಾಲು ಸರಿಹೋಗೋಷ್ಟರಲ್ಲಿ ನನ್ನ ಸೊಂಟ ಹೋಗತ್ತೆ ಕಣಯ್ಯಾ" ಎಂದರು. ತಪ್ಪೇನೂ ಇಲ್ಲ.

ಹೊಗೆ ಕಡಿಮೆಯಾಗಲಿ ಎಂಬುದರಲ್ಲಿ ನನಗೆ ನಿಮಗಿಂತ ಹೆಚ್ಚು ಹಟವಿದೆ. ಕಾರು ಕೊಟ್ಟವನು ನಾನು. ನಮ್ಮ ಬೇಡಿಕೆ ಇಷ್ಟೇ: ಆಸ್ಪತ್ರೆಗೆ ಹೋಗುವವರು ಒಬ್ಬರೇ ಇದ್ದರೂ ವ್ಯಾನು ಹೊರಡಲಿ. ಆ ಆದೇಶ ಹೊರಬೀಳುವವರೆಗೆ ಐದನೆಯವರಾಗಿ ತಾವೇ ಬನ್ನಿ. ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ಕಿಟಕಿಯ ಪಕ್ಕ ಜಾಗ ಬಿಟ್ಟಿರುತ್ತೇವೆ. ಮಧ್ಯಾಹ್ನ ಊಟಕ್ಕೆ ಬರುತ್ತೇನೆಂದು ಮಾತ್ರ ಮನೆಯಲ್ಲಿ ಹೇಳಿ ಬರಬೇಡಿ.

ಇಂತಿ,
ಹೊಗೆಯಿಲ್ಲದ ವ್ಯಾನಿನಲ್ಲಿ ಕದಲದೆ ಕೂತ ನಾಲ್ವರಲ್ಲೊಬ್ಬ