‘ತೆಗಿ’ ಅಂದದ್ದು ಯಾಕೆಂದರೆ

ಭಾನುವಾರ, ಬೆಳಿಗ್ಗೆ

ನನ್ನ ಚಿನಕುರುಳಿಗೆ,

ಅಮ್ಮನ ನೂರು ಮುತ್ತು. ಸದ್ಯಕ್ಕೆ ಒಂದನ್ನಾದರೂ ಇಟ್ಟುಕೋ, ಉಳಿದವನ್ನು ಸಿಟ್ಟು ಇಳಿದ ಮೇಲೆ ತೆಗೆದುಕೊಳ್ಳುವೆಯಂತೆ.

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಹೆತ್ತವಳಿಗೇ ಬೇಡವಾದದ್ದು ಊರಿಗೆ ಯಾಕೆ ಅಂತ ನಾಳೆ ಪ್ರದರ್ಶನದಿಂದ ನಿನ್ನ ವಿಡಿಯೊವನ್ನು ವಾಪಸ್ ತರುತ್ತೀಯಂತೆ. ಅದಕ್ಕೆ ಪಿಟೀಲು ನುಡಿಸಿದ ನಿನ್ನ ಗೆಳತಿ ಹೇಳಿದಳು. ಹಗಲೂ ರಾತ್ರಿ ಕೂತು ಮಾಡಿದ ಕೆಲಸ ನನ್ನ ಒಂದು ಮಾತಿಗೆ ಮಣ್ಣುಪಾಲಾಗಬೇಕೇ? ಅದಕ್ಕೇ ಈ ಕಾಗದ.

ಅವತ್ತು ಪ್ರದರ್ಶನದ ಹಾಲ್‌ನಲ್ಲಿ ಚೆನ್ನಾಗಿಯೇ ಕೂತಿದ್ದೆ. ನಮ್ಮ ಆಫೀಸಿನ ಕಂಪ್ಯೂಟರ್ ಗುಂಡಿಗಳ ಟಕ್ ಟಕ್ ಸದ್ದನ್ನೇ ನೀನು ತಾಳ ಮಾಡಿದ್ದೆಯಲ್ಲ, ನನ್ನ ಕಾಲೂ ಕುಣಿಯುತ್ತಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಮಗು ಕಿಟಕಿಯ ಸರಳು ಹಿಡಿದು ಅಳತೊಡಗಿತು. ಕೈ ತಾನಾಗಿ ಮೇಲೆದ್ದಿತು, ಬಾಯಿ ‘ತೆಗಿ’ ಅಂತ ಜೋರಾಗಿ ಅಂದೇಬಿಟ್ಟಿತು. ಎಲ್ಲರೂ ತಿರುಗಿ ನೋಡಿದರು, ನೀನೂ ನೋಡಿದೆ. ಮುಖ ಎಲ್ಲಿಡಲಿ ಅಂತ ತಿಳಿಯದೆ ಎದ್ದು ಬಂದೆ.

ಜನ ಇಂಟರ್ನೆಟ್ಟಿಗೆ ಹಾಕುವ ಹೊಡೆತ ಬಡಿತದ ವಿಡಿಯೊಗಳನ್ನು ಬೇರೆಯವರ ಕಣ್ಣಿಗೆ ಬೀಳುವ ಮುಂಚೆ ತೆಗೆಯುವುದು ನನ್ನ ಕೆಲಸ ಅಂತ ನಿನಗೆ ಗೊತ್ತು. ಹೇಗೆ ತೆಗೆಯುತ್ತೇವೆ ಅಂತ ಮಾತ್ರ ನಾನು ಹೇಳಿರಲಿಲ್ಲ. ಯಾವುದನ್ನೂ ಪೂರ್ತಿ ನೋಡುವುದಿಲ್ಲ, ನೋಡಿದರೆ ಊಟ ಸೇರುವುದಿಲ್ಲ. ಮಗು ಅಳುವುದು ಕಂಡರೆ ಮುಂದೆ ಬೀಳುವ ಏಟು ಕಾಣುವ ಮೊದಲೇ ‘ತೆಗಿ’ ಅಂದು ಗುಂಡಿ ಒತ್ತುತ್ತೇವೆ. ಬಾಯಿ ಬಿಟ್ಟು ಹೇಳಿಬಿಡು, ಆಗ ಅದು ಮನಸ್ಸಿಗೆ ಇಳಿಯಲ್ಲ ಅಂತ ಪಕ್ಕದ ಕುರ್ಚಿಯ ಅಕ್ಕ ಹೇಳಿಕೊಟ್ಟದ್ದು.

ನಿನ್ನ ಕೆಲಸ ಬೇಡ ಅಂತಲ್ಲ ಕಣೇ. ಅದು ನಿನ್ನ ಚಿಕ್ಕಂದಿನ ವಿಡಿಯೊ, ಆ ಮಗು ನೀನು ಅಂತಲೇ ನನಗೆ ತಿಳಿಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು, ಆ ಹಳದಿ ಫ್ರಾಕು ನಾನೇ ಹೊಲಿದದ್ದು. ಹೆತ್ತ ಮಗಳ ಅಳುವಿನ ಗುರುತೇ ಸಿಗಲಿಲ್ಲವಲ್ಲ ಅಂತ ಇನ್ನೊಂದು ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ಕೂತುಬಿಟ್ಟೆ.

ವಿಡಿಯೊ ಅಲ್ಲೇ ಇರಲಿ. ನನ್ನ ಬಾಯಲ್ಲಿ ಬಾರದ್ದನ್ನು ಅದು ಹೇಳುತ್ತದೆ. ಆಫೀಸಿನಲ್ಲಿ ನನ್ನ ಸಾಲಿನಲ್ಲಿ ಕೂರುವವರನ್ನೆಲ್ಲ ಕರೆತರುತ್ತೇನೆ. ಅವರೂ ‘ತೆಗಿ’ ಅಂತ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡ, ನೀರು ಕೊಟ್ಟು ಕೂರಿಸು.

ಇಂತಿ ನಿನ್ನ,
ಬಾಯಿ ಜೋರಿನ ಅಮ್ಮ

ಮತ್ತೆ ಬರೆದದ್ದು: ಕಾಗದವನ್ನು ಪ್ರದರ್ಶನದ ಬಾಗಿಲು ಕಾಯುವವರ ಕೈಗೆ ಕೊಟ್ಟು ಹೋಗೋಣ ಅಂತ ಬಂದೆ. ಒಳಗೆ ಯಾರೂ ಇಲ್ಲ, ಕೂತ್ಕೊಂಡು ನೋಡಿ ಅಮ್ಮಾ ಅಂದರು. ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೊನೆಯವರೆಗೂ ನೋಡಿದೆ. ಪರದೆಯ ಮೇಲೆ ಆ ಮನೆಯ ಬಾಗಿಲು ತೆರೆಯುತ್ತದೆ. ಒಬ್ಬ ಹೆಂಗಸು ಚೀಲ ಬಿಸಾಡಿ ಓಡಿ ಬಂದು ಮಗುವನ್ನು ಎತ್ತಿಕೊಂಡು ಮನೆ ಹಾರಿಹೋಗುವ ಹಾಗೆ ನಗುತ್ತಾಳೆ. ಯಾರಪ್ಪಾ ಇವಳು, ಎಷ್ಟು ಚೆನ್ನಾಗಿ ನಗುತ್ತಾಳಲ್ಲ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಚೀಲ ನನ್ನದು. ಅವಳನ್ನು ಇನ್ನೊಂದು ಸಲ ನೋಡಬೇಕು ಅಂತ ಇಲ್ಲೇ ಕೂತಿದ್ದೇನೆ.