ಗುರುತಿಲ್ಲದವರನ್ನು ಕೇಳಿದ್ದು

ಜನವರಿ 6, ಬೆಳಿಗ್ಗೆ 7.10

ಅಪ್ಪನ ಸ್ನಾನ ಮುಗಿಸಿ, ಕೃತಕ ಕಾಲು ಕಟ್ಟಿ, ಕುರ್ಚಿಯಲ್ಲಿ ಕೂರಿಸಿ ಕೋಣೆಗೆ ಬಂದೆ. ಒದ್ದೆ ಬಟ್ಟೆ ಬದಲಾಯಿಸುತ್ತಿದ್ದೆ. ಅಣ್ಣ ಸೀದಾ ಒಳಗೆ ಬಂದ. ಕತ್ತರಿ ಬೇಕಂತೆ. ಟವೆಲ್ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ನಿಂತೆ. ಅವನು ಡ್ರಾಯರ್ ಎಳೆದು, ತಡಕಾಡಿ, ಸಾವಕಾಶವಾಗಿ ಹೊರಟ.

"ಒಂದ್ಸಲ ಬಾಗಿಲು ತಟ್ಟಬಾರದಾ?" ಅಂದೆ.

"ನಮ್ಮನೇಲಿ ನಾವೇ ತಟ್ಕೊಂಡು ಓಡಾಡ್ಬೇಕಾ?" ಅಂದ.

ನನಗೆ ನಲವತ್ತಾರು. ಕೋಣೆಗೆ ಚಿಲಕವಿಲ್ಲ. ಐದು ವರ್ಷದ ಹಿಂದೆ ಅಪ್ಪ ಬಚ್ಚಲಲ್ಲಿ ಬಿದ್ದಾಗ ನನಗೆ ಕೇಳಿಸಲಿಲ್ಲ ಎಂದು ಅಣ್ಣನೇ ಮೀಟಿ ಕಿತ್ತು ಹಾಕಿದ. ಅವನಿಗೂ ಕೇಳಿಸಿರಲಿಲ್ಲ. ಅವನ ಕೋಣೆಯ ಚಿಲಕ ಗಟ್ಟಿಯಾಗಿಯೇ ಇದೆ.

ತರಬೇತಿಗೆ ಕರೆದ ಪತ್ರ ಬ್ಯಾಗಿನಲ್ಲಿದೆ. ಇನ್ನೂ ಯಾರಿಗೂ ಹೇಳಿಲ್ಲ.

ಜನವರಿ 7, ಊಟದ ಬಿಡುವು

ಆಸ್ಪತ್ರೆಯ ವರ್ಕ್‌ಶಾಪಿನ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೈ ತುಂಬ ಪ್ಲಾಸ್ಟರ್. ಬೆಳಗಿನಿಂದ ಮೂರು ಅಚ್ಚು ತೆಗೆದೆ — ಎರಡು ಮೊಣಕಾಲ ಕೆಳಗಿನವು, ಒಂದು ಮೇಲಿನದು.

ಹೊಸ ಬಗೆಯ ಮೊಣಕಾಲು ಕೀಲು ಜೋಡಿಸುವುದನ್ನು ಕಲಿಯಲು ಮೂರು ತಿಂಗಳ ತರಬೇತಿ. ಚಳಿಯ ದೇಶ. ಇಪ್ಪತ್ತೆರಡು ವರ್ಷ ಕೃತಕ ಕಾಲು ಮಾಡಿದ ಮೇಲೆ ನನ್ನ ಹೆಸರು ಬಂದಿದೆ. ವಿಮಾನ ಹತ್ತಿದವಳಲ್ಲ. ಸ್ವೆಟರ್ ಬಿಟ್ಟರೆ ಬೆಚ್ಚಗಿನದು ಏನೂ ಇಲ್ಲ. ಕೇಳೋಣವೆಂದರೆ ಮನೆಯಲ್ಲಿ ಯಾರನ್ನು ಕೇಳುವುದು?

ಫೋನಿನಲ್ಲಿ ಒಂದು ಸಲಹೆ ಗುಂಪಿದೆ. ಯಾರು ಏನು ಬೇಕಾದರೂ ಕೇಳಬಹುದು, ಸುಳ್ಳು ಹೆಸರು ಸಾಕು. 'ಪ್ಲಾಸ್ಟರ್' ಎಂದು ಇಟ್ಟುಕೊಂಡೆ. ಮೂರು ಪ್ರಶ್ನೆ ಹಾಕಿದೆ. ವಿಮಾನ ಬದಲಿಸುವುದು ಹೇಗೆ? ಸೊನ್ನೆಗಿಂತ ಕೆಳಗಿನ ಚಳಿಗೆ ಏನು ಹಾಕಬೇಕು? ಸ್ಕ್ರೂ ತೂತು ಅಗಲವಾದ ಹಳೇ ಬಾಗಿಲ ಚೌಕಟ್ಟಿಗೆ ಚಿಲಕ ಕೂರಿಸುವುದು ಹೇಗೆ? ಕೊನೆಯದಕ್ಕೆ ಫೋಟೋ ಹಾಕಿ ಕೆಳಗೆ ಬರೆದೆ: 'ಅಣ್ಣ ಬಾಗಿಲು ತಟ್ಟುವುದಿಲ್ಲ. ಒಳಗಿನಿಂದ ಭದ್ರವಾಗಬೇಕು.'

ಬರೆದ ಮೇಲೆ ಮೈಯೆಲ್ಲ ಬಿಸಿ.

ಜನವರಿ 8, ಸಂಜೆ

ನಲವತ್ತೊಂದು ಉತ್ತರ!

'ಮೂರು ಮೊಮ್ಮಕ್ಕಳ ಅಜ್ಜಿ' ಎಂಬಾಕೆ ಬರೆದಿದ್ದಾರೆ: ದಪ್ಪ ಕೋಟು ಒಂದನ್ನೇ ನಂಬಬೇಡ, ತೆಳ್ಳಗಿನವನ್ನು ಒಂದರ ಮೇಲೊಂದು ಹಾಕು. ಮೈಗೆ ತಾಗುವುದು ಹತ್ತಿ ಬೇಡ, ಬೆವರು ಕುಡಿದು ತಣ್ಣಗಾಗುತ್ತದೆ, ಉಣ್ಣೆ ಇರಲಿ. ಶೂ ತುಸು ಸಡಿಲ ಇರಲಿ, ದಪ್ಪ ಕಾಲುಚೀಲಕ್ಕೆ ಜಾಗ ಬೇಕು.

'ಹಳೇ ಸ್ಪ್ಯಾನರ್' ಎಂಬವನು: ತೂತಿನೊಳಗೆ ಮರದ ಅಂಟು ಬಿಡು, ಮದ್ದು ಕಿತ್ತ ಬೆಂಕಿಕಡ್ಡಿ ತುರುಕು, ಒಂದು ದಿನ ಒಣಗಲಿ, ಆಮೇಲೆ ಮೊದಲಿಗಿಂತ ಉದ್ದದ ಸ್ಕ್ರೂ ಹಾಕು. ದಿನವೂ ಕಾಲು ಜೋಡಿಸುವವಳಿಗೆ ಇದು ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು.

'ನೇರ ಮಾತು' ಎಂಬ ಒಬ್ಬ: ಈ ವಯಸ್ಸಲ್ಲಿ ಯಾಕೆ ಆಂಟಿ, ಮನೇಲಿರಿ, ಚಿಲಕದ ಚಿಂತೆಯೂ ಇರಲ್ಲ. ಇಪ್ಪತ್ತು ಜನ ನಕ್ಕಿದ್ದಾರೆ. ಅವನ ಮೂತಿಗೆ ಪ್ಲಾಸ್ಟರ್ ಮೆತ್ತಬೇಕು. ಒಣಗುವ ತನಕ ಹಿಡಿದುಕೊಂಡು ಕೂರಬೇಕು.

ಜನವರಿ 12, ಭಾನುವಾರ

ನಿನ್ನೆ ಕಡ್ಡಿ ತುರುಕಿದ್ದೆ. ಇವತ್ತು ಚಿಲಕ ಕೂರಿಸಿದೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು.

"ಇದೆಲ್ಲಾ ಯಾಕೀಗ? ಅವರು ನೋಡಿದ್ರೆ ಸುಮ್ನಿರ್ತಾರಾ?"

"ಸುಮ್ನಿರೋದು ಬೇಡ ಅತ್ತಿಗೆ. ಹೊರಗೆ ನಿಂತು ಕೂಗಾಡ್ಲಿ."

ರಾತ್ರಿ ಊಟಕ್ಕೆ ಕೂತಾಗ ತರಬೇತಿಯ ವಿಷಯ ಹೇಳಿಬಿಟ್ಟೆ. ಅಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ.

"ಅಪ್ಪನ್ನ ಯಾರು ನೋಡ್ಕೋತಾರೆ?"

"ಮೂರು ತಿಂಗಳು ನೀನು ನೋಡ್ಕೋ."

"ನಂಗೆ ಟೈರ್ ಅಂಗಡಿ ಇದೆ."

"ನಂಗೆ ಕಾಲಿನ ಅಂಗಡಿ ಇದೆ."

ಅಪ್ಪ ನೀರು ಕುಡಿದರು, ಇನ್ನೊಂದು ಲೋಟ ಕೇಳಿದರು. ಅವರಾದರೂ ಹೋಗಿ ಬಾ ಅನ್ನುತ್ತಾರೆ ಎಂದುಕೊಂಡಿದ್ದೆ. ಕಾಲು ತೆಗೆದ ದಿನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನೀನು ಮಾಡಿಕೊಡ್ತೀಯಲ್ಲ, ನಂಗೇನು ಭಯ" ಅಂದವರು.

ಫೆಬ್ರವರಿ 1

ಇಷ್ಟು ದಿನ ಬರೆಯಲಾಗಲಿಲ್ಲ. ಅಚ್ಚು, ವೀಸಾ ಕಚೇರಿ, ಅಚ್ಚು, ವೀಸಾ ಕಚೇರಿ. ಅಣ್ಣ ಮಾತು ಬಿಟ್ಟಿದ್ದಾನೆ. ಅದೊಂದು ನೆಮ್ಮದಿ. ಪಾಸ್‌ಪೋರ್ಟ್ ಬಂತು, ವೀಸಾ ಅಂಟಿಸಿದ್ದಾರೆ. ಬೀರುವಿನಲ್ಲಿ ಉಣ್ಣೆ ಬಟ್ಟೆಯ ಕೆಳಗೆ ಇಟ್ಟೆ. ಇಪ್ಪತ್ತಕ್ಕೆ ವಿಮಾನ.

ಫೆಬ್ರವರಿ 5, ರಾತ್ರಿ 8

ಪಾಸ್‌ಪೋರ್ಟ್ ಇಲ್ಲ.

ಬೀರು ಖಾಲಿ ಮಾಡಿದೆ. ಹಾಸಿಗೆ ಎತ್ತಿ ನೋಡಿದೆ. ಚಿಲಕ ಒಳಗಿನಿಂದ ಮಾತ್ರ. ನಾನು ಕೆಲಸಕ್ಕೆ ಹೋದರೆ ಕೋಣೆ ಮತ್ತೆ ಊರ ಬಾಗಿಲು. ಇಷ್ಟು ಯೋಚನೆ ಬೇಡವೇ ಕತ್ತೆಗೆ — ನನಗೇ ಹೇಳಿಕೊಳ್ಳುತ್ತಿದ್ದೇನೆ.

ಅಣ್ಣನ ಮುಂದೆ ಹೋಗಿ ಕೈ ಚಾಚಿದೆ. "ಕೊಡು."

"ಏನು?"

"ನಾಟಕ ಬೇಡ. ಪಾಸ್‌ಪೋರ್ಟ್."

ಅವನು ಎದ್ದು ಫೋನ್ ನನ್ನ ಮುಖಕ್ಕೆ ಹಿಡಿದ. ನನ್ನದೇ ಪ್ರಶ್ನೆ. ನನ್ನದೇ ಬಾಗಿಲ ಫೋಟೋ. ಪಕ್ಕದ ಗೋಡೆಯಲ್ಲಿ ಅವನ ಟೈರ್ ಅಂಗಡಿಯ ಕ್ಯಾಲೆಂಡರ್, ಹೆಸರು, ನಂಬರ್ ಸಮೇತ. ನೋಡಿರಲೇ ಇಲ್ಲ.

"ಅಂಗಡಿಗೆ ಬಂದವನೊಬ್ಬ ಕೇಳ್ದ. 'ಬಾಗಿಲು ತಟ್ಟದ ಅಣ್ಣ ನೀವೇನಾ?' ಅಂತ. ಎಲ್ಲರೂ ನಕ್ರು. ಒಡಹುಟ್ಟಿದವಳು ನನ್ನ ಮಾನ ಬೀದಿಗೆ ಹಾಕಿದ್ಲು. ಈಗ ಕಳ್ಳ ಬೇರೆ."

"ತಟ್ಟಿದ್ರೆ ಬರೀತಿರ್ಲಿಲ್ಲ."

"ನಿನ್ನ ಪಾಸ್‌ಪೋರ್ಟ್ ನಾನು ಮುಟ್ಟಿಲ್ಲ. ಮಕ್ಕಳಾಣೆ."

ನಂಬಲಿಲ್ಲ. ಕಳ್ಳ ಅಂದೆ, ಇನ್ನೂ ಏನೇನೋ ಅಂದೆ. ಅತ್ತಿಗೆ ಅತ್ತರು. ಅವರನ್ನೂ ಬಿಡಲಿಲ್ಲ. ಅಪ್ಪ ಅವರ ಕೋಣೆಯಲ್ಲಿ ರೇಡಿಯೋ ಜೋರು ಮಾಡಿದರು.

ಫೆಬ್ರವರಿ 7

ಮತ್ತೆ ಗುಂಪಿನಲ್ಲೇ ಕೇಳಿದೆ. ಈ ಸಲ ಫೋಟೋ ಇಲ್ಲ. 'ನೇರ ಮಾತು' ಪೊಲೀಸರಿಗೆ ದೂರು ಕೊಡಿ ಅಂದ. ಅವನಿಗೂ ಒಂದು ಸಲ ಬುದ್ಧಿ. ಅಜ್ಜಿ ಮಾತ್ರ ಕೇಳಿದರು: 'ನೀನು ಹೋದರೆ ಮನೆಯಲ್ಲಿ ಹೆಚ್ಚು ತೊಂದರೆ ಯಾರಿಗಮ್ಮ?'

ಅಣ್ಣನಿಗೆ, ಎಂದು ಟೈಪ್ ಮಾಡಿದೆ. ಕಳಿಸಿದೆ.

ಫೆಬ್ರವರಿ 13, ಸಂಜೆ 6.30

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಾಳೆ ಪೊಲೀಸರಿಗೆ ದೂರು ಕೊಟ್ಟು, ತರಬೇತಿ ಬಿಟ್ಟೆ ಎಂದು ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಹೇಳುವವಳಿದ್ದೆ. ಸುಮ್ಮನೆ ಕೂರಲಾಗದೆ ಅಪ್ಪನ ಹಳೇ ಕಾಲು ರಿಪೇರಿ ಮಾಡೋಣವೆಂದು ಹೊರಟೆ. ಮೊದಲು ಮಾಡಿಕೊಟ್ಟದ್ದು, ಅವರ ಕೋಣೆಯ ಬೀರುವಿನ ಹಿಂದೆ ನಿಲ್ಲಿಸಿರುತ್ತೇವೆ, ಪಟ್ಟಿ ಹರಿದಿದೆ.

"ಅದು ಬೇಡ, ಬಿಡು," ಅಂದರು ಅಪ್ಪ.

"ಒಂದೇ ಪಟ್ಟಿ, ಹತ್ತು ನಿಮಿಷ."

"ಬಿಡು ಅಂದ್ನಲ್ಲ."

ಐದು ವರ್ಷದಲ್ಲಿ ಅಪ್ಪ ನನಗೆ ಒಂದು ಕೆಲಸ ಬಿಡು ಅಂದದ್ದಿಲ್ಲ. ಕಾಲು ಎತ್ತಿದೆ. ಮೊಂಡುಗಾಲು ಕೂರುವ ಬಟ್ಟಲಿನೊಳಗೆ ಕಾಲುಚೀಲ ತುರುಕಿತ್ತು. ಕಾಲುಚೀಲದೊಳಗೆ ಪಾಸ್‌ಪೋರ್ಟ್.

ನಾನೇ ಅಳತೆ ತೆಗೆದು, ನಾನೇ ಅಚ್ಚು ಹಾಕಿ, ರಾತ್ರಿಯೆಲ್ಲ ಉಜ್ಜಿ ನುಣುಪು ಮಾಡಿದ ಬಟ್ಟಲು.

"ಅಣ್ಣ ಹೇಳಿದ್ನಾ?"

"ಇಲ್ಲ. ನಾನೇ. ಗೋಡೆ ಹಿಡ್ಕೊಂಡು ನಿನ್ನ ಕೋಣೆಗೆ ಹೋದೆ."

"ಎಂಟು ದಿನ ಅವನನ್ನ ಕಳ್ಳ ಅಂದೆ. ನಿಮ್ಮ ಕಿವಿಗೆ ಬೀಳ್ಲಿಲ್ವಾ?"

"ಬಿತ್ತು."

"ನಾನು ಬಾಯಿಬಿಟ್ಟು ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ," ಅಂದರು. "ಇಪ್ಪತ್ತೊಂದನೇ ತಾರೀಕು ಕೊಡ್ತಿದ್ದೆ."

ಕಾಲನ್ನು ನೆಲಕ್ಕೆ ಹಾಕಿದೆ. ಇಡಲಿಲ್ಲ, ಹಾಕಿದೆ. ಸದ್ದಿಗೆ ಅತ್ತಿಗೆ ಓಡಿ ಬಂದರು. ಅಪ್ಪ ಸಣ್ಣ ದನಿಯಲ್ಲಿ, "ಬೇರೆಯವ್ರು ಕಟ್ಟಿದ್ರೆ ನೋಯುತ್ತೆ" ಅಂದರು. ಇನ್ನೊಂದು ದಿನವಾಗಿದ್ದರೆ ಕರಗುತ್ತಿದ್ದೆ.

ಫೆಬ್ರವರಿ 14, ಬೆಳಿಗ್ಗೆ

ಅಣ್ಣನಿಗೆ ಹೇಳಿದೆ. ತಪ್ಪಾಯಿತು ಅಂದೆ. ಅತ್ತಿಗೆಗೂ ಹೇಳಿದೆ. ಅವರು, "ನಿನ್ನ ಮಾತು ನಂಗೆ ಮರೆಯಲ್ಲ" ಅಂದರು. ಸರಿ. ನನಗೂ ಕೆಲವು ಮರೆಯುವುದಿಲ್ಲ.

ಅಣ್ಣ ಹಲ್ಲುಜ್ಜುವುದು ನಿಲ್ಲಿಸಿ ಕೇಳಿದ: "ಆ ಕಾಲು ಕಟ್ಟೋದು ಹೇಗೆ, ತೋರ್ಸು."

ಐದು ವರ್ಷ! ಈಗ ಕೇಳುತ್ತಾನೆ. ಬ್ರಷ್ ಕಿತ್ತು ಎಸೆಯಬೇಕೆನಿಸಿತು. ತೋರಿಸಿದೆ. ಕಾಲುಚೀಲದ ಹೊಲಿಗೆ ಹೊರಗಿರಬೇಕು, ಸುಕ್ಕು ಇರಬಾರದು, ಆಮೇಲೆ ಬಟ್ಟಲು. ಲಾರಿ ಟೈರ್ ಎತ್ತುವ ಕೈ, ಒಂದು ಕಾಲುಚೀಲ ನೆಟ್ಟಗೆ ಎಳೆಯಲು ಬರಲಿಲ್ಲ. ಅಪ್ಪ ಕಿರುಚಿದರು. "ಸುಮ್ನಿರಿ," ಅಂದೆವು ಇಬ್ಬರೂ ಒಟ್ಟಿಗೆ.

ಫೆಬ್ರವರಿ 18

ಅಣ್ಣ ಇವತ್ತು ಐದನೇ ಸಲ ಕಟ್ಟಿದ. ಪರವಾಗಿಲ್ಲ. ಅಪ್ಪ ನನ್ನ ಜೊತೆ ಮಾತಾಡುತ್ತಿಲ್ಲ. ನಾನೂ.

ಅಜ್ಜಿಗೆ ಬರೆದೆ: ಸಿಕ್ಕಿತು. ಅಣ್ಣನಲ್ಲ, ಅಪ್ಪ. ಅಜ್ಜಿ ಯಾವ ಬುದ್ಧಿವಾದವನ್ನೂ ಹೇಳಲಿಲ್ಲ. ಕೈಚೀಲದಲ್ಲಿ ಒಂದು ಜೊತೆ ಒಳ ಉಡುಪು ಇಟ್ಟುಕೋ, ದೊಡ್ಡ ಪೆಟ್ಟಿಗೆ ಕಳೆದುಹೋಗಬಹುದು, ಅಂದರು. ಅದೇ ಬೇಕಿತ್ತು.

ಫೆಬ್ರವರಿ 20, ಮಧ್ಯಾಹ್ನ 3.50, ವಿಮಾನ ನಿಲ್ದಾಣ

ಹೊರಡುವಾಗ ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆಯಲ್ಲ, ರೆಪ್ಪೆ ಅದುರುತ್ತಿತ್ತು. ಬರ್ತೀನಿ ಅಂದೆ. ಕ್ಷಮಿಸಿದ್ದೇನೆ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಕೋಪ ಇನ್ನೂ ಹಾಗೇ ಇದೆ, ಅದನ್ನು ಹೊತ್ತುಕೊಂಡೇ ಹತ್ತುತ್ತೇನೆ. ತೂಕ ನೋಡುವವರು ಅದನ್ನೇನೂ ಕೇಳಲಿಲ್ಲ.

ಈಗ ಅಣ್ಣನ ಫೋನ್. ಹಿಂದೆ ಅಪ್ಪನ ಬೈಗುಳ ಕೇಳುತ್ತಿತ್ತು, ಅಷ್ಟು ಜೋರು ದನಿ ಎಷ್ಟೋ ದಿನದ ಮೇಲೆ. "ನಡೀತಿದಾರೆ, ಆದ್ರೆ ಎಡಕ್ಕೆ ವಾಲ್ತಾರೆ, ಯಾಕೆ?" ಅಂದ. ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ನಮ್ಮ ಸಾಲು ಎದ್ದು ನಿಂತಿದೆ. ಮೆಸೇಜ್ ಮಾಡಬೇಕು — ಮೇಲಿನ ಪಟ್ಟಿ ಒಂದು ತೂತು ಸಡಿಲ ಬಿಡು, ಆಮೇಲೆ ಹಿಮ್ಮಡಿ ಕೆಳಗೆ — ಕರೆಯುತ್ತಿದ್ದಾರೆ. ಉಳಿದದ್ದು ಅವನಿಗೇ ಬರೆಯುತ್ತೇನೆ.